ಯೇತಿಗೂ ವೀಸಾ ಕೇಳಿದರು

ಅಮ್ಮ ಲಾಸ್ ಏಂಜಲೀಸಿಗೆ ಬಂದು ಮೂರು ವಾರವಾಗಿತ್ತು. ಬರುವಾಗ ದಾರಿಯಲ್ಲಿ ಯಾವುದೋ ವಿಮಾನ ನಿಲ್ದಾಣದಲ್ಲಿ ಒಬ್ಬರು ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬಿ ಬಿಚ್ಚಿಸಿ ಮೂಸಿ ನೋಡಿದ್ದರಂತೆ. ಆ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಮೂಸಿದ್ದು ಇರ್ಲಿ, ಮುಖ ಯಾಕೆ ಹಾಗೆ ಮಾಡ್ಬೇಕಿತ್ತು?" ಎಂದು ತೀರ್ಥಹಳ್ಳಿಗೆ ಫೋನ್ ಮಾಡಿದಾಗಲೆಲ್ಲ ಚಿಕ್ಕಮ್ಮನ ಹತ್ತಿರ ಹೇಳುತ್ತಿದ್ದಳು.

ನಮ್ಮ ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜ ಒಬ್ಬರಿದ್ದಾರೆ. ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲ, ಗೋಡೆಯುದ್ದಕ್ಕೂ ಹಳೇ ದೆವ್ವ ಭೂತದ ಸಿನಿಮಾಗಳ ಡಿವಿಡಿ. ಶನಿವಾರ ಸಂಜೆ ಯಾರಾದರೂ ಬಂದರೆ ಒಂದನ್ನು ಹಾಕಿ ತೋರಿಸುವುದೇ ಅವರಿಗೆ ಹಬ್ಬ. ಅಮ್ಮನ ಕೈಯ ಚಕ್ಕುಲಿ ರುಚಿ ನೋಡಿದ ಮೇಲಂತೂ ನಮಗೆ ಕಾಯಂ ಆಹ್ವಾನ. ಆ ಶನಿವಾರದ ಚಿತ್ರ 1954ರದ್ದು, 'ದ ಸ್ನೋ ಕ್ರೀಚರ್'. ಕಪ್ಪು ಬಿಳುಪು, ಒಂದೂಕಾಲು ಗಂಟೆಯೂ ಇಲ್ಲ. ಹಿಮಾಲಯದ ಹಿಮಮಾನವ ಯೇತಿಯ ಮೇಲೆ ಅಮೆರಿಕದವರು ತೆಗೆದ ಮೊದಲ ಸಿನಿಮಾ ಅದೇ ಅಂತ ಅಜ್ಜನ ಪೀಠಿಕೆ.

ಆಗ ಅದರ ಹುಚ್ಚು ಹತ್ತಿದ್ದ ಕಾಲ. 1921ರಲ್ಲಿ ಎವರೆಸ್ಟ್ ದಾರಿ ಹುಡುಕಲು ಹೋದ ಬ್ರಿಟಿಷ್ ತಂಡ ಹಿಮದಲ್ಲಿ ದೊಡ್ಡ ಹೆಜ್ಜೆ ಗುರುತು ಕಂಡಿತ್ತು. ಕಲ್ಕತ್ತದ ಸ್ಟೇಟ್ಸ್‌ಮನ್ ಪತ್ರಿಕೆಗೆ ಬರೆಯುತ್ತಿದ್ದ ಹೆನ್ರಿ ನ್ಯೂಮನ್ ಹೊರೆಯಾಳುಗಳು ಹೇಳಿದ ಹೆಸರನ್ನು ಅನುವಾದಿಸಹೋಗಿ, 'ಗಲೀಜು' ಎನ್ನುವಂಥದ್ದನ್ನು 'ಅಬಾಮಿನಬಲ್' ಮಾಡಿಬಿಟ್ಟ. ಮೈ ತೊಳೆಯದ ಪ್ರಾಣಿ ರಾತ್ರೋರಾತ್ರಿ ಘೋರ ಹಿಮಮಾನವನಾಯಿತು. 1951ರಲ್ಲಿ ಎರಿಕ್ ಶಿಪ್ಟನ್ ಮೆನ್ಲುಂಗ್ ಹಿಮನದಿಯ ಮೇಲೆ ಒಂದು ಹೆಜ್ಜೆಯ ಪಕ್ಕ ಐಸ್ ಕೊಡಲಿ ಇಟ್ಟು ಫೋಟೋ ತೆಗೆದ. 1954ರಲ್ಲಿ ಲಂಡನ್ನಿನ ಡೈಲಿ ಮೇಲ್ ಪತ್ರಿಕೆ ಯೇತಿ ಹುಡುಕಲೆಂದೇ ಒಂದು ತಂಡವನ್ನು ಖರ್ಚು ಹಾಕಿ ಕಳಿಸಿತು. ಹಾಲಿವುಡ್ಡಿನ ಸಣ್ಣ ನಿರ್ಮಾಪಕರಿಗೆ ಇನ್ನೇನು ಬೇಕು? ಜಾಹೀರಾತಿನ ಖರ್ಚು ಉಳಿಯಿತು.

ಚಿತ್ರ ಶುರುವಾಯಿತು. ಗಿಡಮೂಲಿಕೆ ಹುಡುಕಲು ಹೋದ ಅಮೆರಿಕದ ಸಸ್ಯವಿಜ್ಞಾನಿ, ಅವನ ಶೆರ್ಪಾ ಮುಖಂಡ, ಆ ಮುಖಂಡನ ಹೆಂಡತಿಯನ್ನು ಹೊತ್ತೊಯ್ಯುವ ಯೇತಿ. ನಾನು ಅಮ್ಮನಿಗೆ ಮಾತು ಮಾತಿಗೂ ಕನ್ನಡದಲ್ಲಿ ಹೇಳುತ್ತ ಕೂತಿದ್ದೆ. ಶೆರ್ಪಾಗಳು ತಮ್ಮತಮ್ಮಲ್ಲೇ ಮಾತಾಡತೊಡಗಿದಾಗ ಅಮ್ಮ, "ಇವ್ರೆಂತ ಹೇಳಿದ್ರಾ?" ಅಂದಳು. ನನಗೆ ಗೊತ್ತಾಗಲಿಲ್ಲ. ಅಜ್ಜ ನಕ್ಕರು. ಅದು ಜಪಾನಿ ಭಾಷೆಯಂತೆ! ಮುಖಂಡನ ಪಾತ್ರ ಮಾಡಿದ ತೇರು ಶಿಮಾಡ ಜಪಾನಿನಿಂದ ಬಂದ ನಟ. ಎರಡನೇ ಮಹಾಯುದ್ಧದ ಕಾಲದಲ್ಲಿ ಉಳಿದ ಜಪಾನೀಯರ ಜೊತೆ ಅವನನ್ನೂ ಅರಿಜೋನಾದ ಪೋಸ್ಟನ್ ಶಿಬಿರದಲ್ಲಿ ಕೂಡಿಹಾಕಿದ್ದರು. ಮೊದಲು ಶತ್ರು ಅಂತ ಒಳಗೆ ಹಾಕಿದರು, ಆಮೇಲೆ ಶೆರ್ಪಾ ಅಂತ ಸಂಬಳ ಕೊಟ್ಟರು. ಆಫೀಸಿನಲ್ಲಿ ನನ್ನನ್ನು "ನೀವು ಇಂಡಿಯನ್ ಭಾಷೆ ಮಾತಾಡ್ತೀರಲ್ಲ?" ಎಂದು ಕೇಳುವವರ ಮೇಲೆ ನನಗೀಗ ಅಷ್ಟು ಬೇಜಾರಿಲ್ಲ.

ಇನ್ನು ಯೇತಿಯ ವಿಚಾರ. ಎತ್ತರದ ಒಬ್ಬ ಮನುಷ್ಯ ತುಪ್ಪಳದ ಅಂಗಿ ತೊಟ್ಟು ಕತ್ತಲಲ್ಲಿ ನಿಂತಿದ್ದಾನೆ. ಎರಡು ಹೆಜ್ಜೆ ಮುಂದೆ ಬರುತ್ತಾನೆ, ಬೆಳಕು ಮೈಮೇಲೆ ಬೀಳುತ್ತದೆ, ನಿಲ್ಲುತ್ತಾನೆ. ಸರಿ. ಐದು ನಿಮಿಷ ಬಿಟ್ಟು ಮತ್ತೆ ಅದೇ ಎರಡು ಹೆಜ್ಜೆ. ಯೇತಿ ಹಿಂದಕ್ಕೆ ಸರಿಯಬೇಕಾದಾಗ ಅದೇ ತುಂಡನ್ನು ಉಲ್ಟಾ ಓಡಿಸಿದ್ದಾರೆ. ಸುಮ್ಮನೆ ನಿಂತು ನೋಡಬೇಕಾದಾಗ ಅದನ್ನೇ ಅಲ್ಲಾಡದಂತೆ ಹಿಡಿದಿಟ್ಟಿದ್ದಾರೆ. ಊರು ಬದಲಾದರೂ, ಹಿಮಾಲಯ ಹೋಗಿ ಲಾಸ್ ಏಂಜಲೀಸ್ ಬಂದರೂ, ಅದೇ ಕತ್ತಲು, ಅದೇ ಕಾಲು. ಮೂರನೇ ಸಲಕ್ಕೇ ಅಮ್ಮನಿಗೆ ಪತ್ತೆಯಾಯಿತು. "ಇವನಿಗೆ ಬೇರೆ ಕುಣಿತವೇ ಬರುದಿಲ್ವಾ?"

ಅವಳು ಯಕ್ಷಗಾನದ ಆಟ ನೋಡಿ ಬೆಳೆದವಳು. ಗದ್ದೆ ಕೊಯ್ಲು ಮುಗಿದ ಮೇಲೆ ಚಾಪೆ ಹಿಡಿದು ಹೋದರೆ ಬೆಳಿಗ್ಗೆಯೇ ಬರುವುದು. ಬಣ್ಣದ ವೇಷ ಕಟ್ಟುವವರು ಚೌಕಿಯಲ್ಲಿ ಗಂಟೆಗಟ್ಟಲೆ ಕೂತು, ಅಕ್ಕಿಹಿಟ್ಟು ಸುಣ್ಣ ಕಲಸಿ ಮುಖದ ತುಂಬ ಮುಳ್ಳುಮುಳ್ಳಾಗಿ ಚುಟ್ಟಿ ಇಡುತ್ತಾರೆ. ರಂಗಕ್ಕೆ ಬಂದರೂ ಪೂರ್ತಿ ಕಾಣಿಸುವುದಿಲ್ಲ. ತೆರೆಯ ಹಿಂದೆ ಕಿರೀಟದ ತುದಿ, ಆಮೇಲೆ ಕಣ್ಣು, ಮಧ್ಯೆ ಒಂದು ಆರ್ಭಟ, ಚೆಂಡೆ. ರಾಳದ ಪುಡಿ ಎರಚಿದಾಗ ಭಗ್ಗನೆ ಬೆಂಕಿ. ತೆರೆ ಸರಿಯುವ ಹೊತ್ತಿಗೆ ಮುಂದೆ ಕೂತ ಮಕ್ಕಳು ಅಮ್ಮಂದಿರ ಸೆರಗಿನೊಳಗೆ. ಅದಕ್ಕೆಷ್ಟು ದುಡ್ಡು ಬೇಕು? ದುಡ್ಡಿಲ್ಲ ಅನ್ನುವುದು ನೆಪ ಮಾತ್ರ ಅಂತ ನನಗೂ ಅನ್ನಿಸಿತು. 1957ರಲ್ಲಿ ಇಂಗ್ಲೆಂಡಿನ ಹ್ಯಾಮರ್ ಕಂಪನಿ ಪೀಟರ್ ಕುಶಿಂಗನನ್ನು ಹಾಕಿಕೊಂಡು ಯೇತಿಯ ಮೇಲೊಂದು ಚಿತ್ರ ತೆಗೆಯಿತು. ಅವರ ಬಳಿಯೂ ಕೊಪ್ಪರಿಗೆಗಟ್ಟಲೆ ಹಣವಿರಲಿಲ್ಲ. ಫ್ರಾನ್ಸಿನ ಪಿರನೀಸ್ ಪರ್ವತವನ್ನೇ ಹಿಮಾಲಯ ಮಾಡಿದರು. ಆದರೆ ಯೇತಿಯನ್ನು ಹೆಚ್ಚು ತೋರಿಸಲೇ ಇಲ್ಲ. ಡೇರೆಯ ಅಡಿಯಿಂದ ಒಳಗೆ ಬರುವ ಒಂದು ಕೈ, ಕೊನೆಗೆ ಕತ್ತಲಲ್ಲಿ ಆ ಕಣ್ಣು. ತೆರೆ ಹಿಡಿಯುವ ವಿದ್ಯೆ ಅವರಿಗೆ ಗೊತ್ತಿತ್ತು.

ಆದರೂ ನನಗೆ ಇಷ್ಟವಾದದ್ದು ಆ ಕೆಟ್ಟ ಚಿತ್ರವೇ. ಕಾರಣ ಅದರ ನಡುವಿನ ಹದಿನೈದು ನಿಮಿಷ.

ಯೇತಿಯನ್ನು ಹಿಡಿದು, ಟೆಲಿಫೋನ್ ಬೂತಿನಂಥ ಒಂದು ತಂಪು ಪೆಟ್ಟಿಗೆಯಲ್ಲಿ ನಿಲ್ಲಿಸಿ, ವಿಮಾನದಲ್ಲಿ ಲಾಸ್ ಏಂಜಲೀಸಿಗೆ ತರುತ್ತಾರೆ. ಇಳಿದ ಕೂಡಲೇ ಸಮಸ್ಯೆ. ಪ್ರಾಣಿಯಾದರೆ ಕಸ್ಟಮ್ಸಿನವರು ಬಿಡಬಹುದು. ಆದರೆ ಹೆಸರಿನಲ್ಲೇ 'ಮಾನವ' ಇದೆಯಲ್ಲ! ಮನುಷ್ಯನಾದರೆ ಅದು ಇಮಿಗ್ರೇಶನ್ನಿನ ವಿಷಯ. ಕೋಟು ಹಾಕಿದ ಗಂಡಸರು ಮೇಜಿನ ಸುತ್ತ ನಿಂತು ತೀರಾ ಗಂಭೀರವಾಗಿ ಇದನ್ನು ಚರ್ಚಿಸುತ್ತಾರೆ. ತಜ್ಞರು ಬಂದು ಹೇಳುವತನಕ ಪೆಟ್ಟಿಗೆ ಅಲ್ಲಿಂದ ಕದಲುವಂತಿಲ್ಲ. ನಾನು ಚಕ್ಕುಲಿ ಕೈಯಲ್ಲೇ ಹಿಡಿದು ನಗತೊಡಗಿದೆ. ನನ್ನ ವೀಸಾ ವಿಸ್ತರಣೆಯ ಕಡತ ಆಗ ಏಳು ತಿಂಗಳಿಂದ ಎಲ್ಲೋ ಕೂತಿತ್ತು. ದಿನಾ ಬೆಳಿಗ್ಗೆ ಕಾಫಿಗೆ ಮುಂಚೆ ಫೋನಿನಲ್ಲಿ ನೋಡುವುದು, ದಿನಾ ಅದೇ ಸಾಲು: ಅರ್ಜಿ ಪರಿಶೀಲನೆಯಲ್ಲಿದೆ. ಅಮ್ಮ ನಗಲಿಲ್ಲ. "ಪಾಪ, ಅದಕ್ಕೆ ಸೆಖೆ ಆಗ್ತದೆ. ಪೆಟ್ಟಿಗೇಲಿ ಎಷ್ಟು ಹೊತ್ತು ನಿಲ್ಲಿಸ್ತಾರೆ?" ಅಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಅದನ್ನೂ ಮೂಸಿ ನೋಡಿದ್ರಾ?"

ಇಂಥ ದೃಶ್ಯ ಯಾರ ತಲೆಗೆ ಹೊಳೆಯಿತು ಅಂತ ಆ ರಾತ್ರಿ ಹುಡುಕಿದೆ. ಕತೆ ಬರೆದವನು ಮೈಲ್ಸ್ ವೈಲ್ಡರ್, ನಿರ್ದೇಶಕ ಅವನ ಅಪ್ಪ ಡಬ್ಲ್ಯೂ. ಲೀ ವೈಲ್ಡರ್. ಯುರೋಪಿನಿಂದ ವಲಸೆ ಬಂದ ಯಹೂದಿ, ಸಿನಿಮಾಕ್ಕೆ ಬರುವ ಮುಂಚೆ ನ್ಯೂಯಾರ್ಕಿನಲ್ಲಿ ಹೆಂಗಸರ ಕೈಚೀಲ ತಯಾರಿಸಿ ಮಾರುತ್ತಿದ್ದವನು. ಅವನ ತಮ್ಮ ಬೇರಾರೂ ಅಲ್ಲ, ಆಸ್ಕರ್ ಮೇಲೆ ಆಸ್ಕರ್ ಗೆದ್ದ ಬಿಲ್ಲಿ ವೈಲ್ಡರ್. ಆ ಬಿಲ್ಲಿ ಹಿಟ್ಲರನ ಕಾಟಕ್ಕೆ ಬರ್ಲಿನ್ ಬಿಟ್ಟು ಬಂದವನು. ಅಮೆರಿಕದಲ್ಲಿ ನೆಲೆ ನಿಲ್ಲಲು ವೀಸಾ ಬೇಕಾಗಿ ಗಡಿಯಾಚೆಯ ಮೆಕ್ಸಿಕಾಲಿಗೆ ಹೋಗಿ ಕಾದದ್ದು, ಬೇಕಾದ ಕಾಗದಗಳಿಲ್ಲದೆ ಅಧಿಕಾರಿಯ ಮುಂದೆ ಬೆವರಿದ್ದು, ಏನು ಕೆಲಸ ಎಂದು ಕೇಳಿದ್ದಕ್ಕೆ ಸಿನಿಮಾ ಬರೆಯುತ್ತೇನೆ ಎಂದದ್ದು, ಹಾಗಾದರೆ ಒಳ್ಳೆಯದನ್ನು ಬರಿ ಎಂದು ಆತ ಮುದ್ರೆ ಒತ್ತಿದ್ದು, ಇದನ್ನೆಲ್ಲ ಅವನು 1988ರಲ್ಲಿ ಆಸ್ಕರ್ ವೇದಿಕೆಯ ಮೇಲೆ ಹೇಳಿಕೊಂಡಿದ್ದಾನೆ. ತಮ್ಮ ಆ ಮಾತು ಉಳಿಸಿಕೊಂಡ. ಅಣ್ಣನಿಗೆ ಅಂಥ ಷರತ್ತು ಯಾರೂ ಹಾಕಿರಲಿಲ್ಲವೇನೋ.

ನಿಜವಾದ ಕಾಗದಪತ್ರವೂ ಒಂದುಂಟು. ಯೇತಿ ಬೇಟೆಗೆ ಬರುವವರಿಗೆ ನೇಪಾಳ ಸರ್ಕಾರ ನಿಯಮ ಮಾಡಿತ್ತು. ಕಠ್ಮಂಡುವಿನ ಅಮೆರಿಕನ್ ರಾಯಭಾರ ಕಚೇರಿ 1959ರ ನವೆಂಬರ್ 30ರಂದು ಅದನ್ನು ತನ್ನ ಸರ್ಕಾರಕ್ಕೆ ಬರೆದು ಕಳಿಸಿದೆ. 5000 ಭಾರತೀಯ ರೂಪಾಯಿ ಕಟ್ಟಿ ಪರವಾನಗಿ ಪಡೆಯಬೇಕು. ಫೋಟೋ ತೆಗೆಯಬಹುದು, ಜೀವಂತ ಹಿಡಿಯಬಹುದು, ಆತ್ಮರಕ್ಷಣೆಗಲ್ಲದೆ ಕೊಲ್ಲುವಂತಿಲ್ಲ. ಸಿಕ್ಕಿದ್ದನ್ನು ನೇಪಾಳಕ್ಕೇ ಒಪ್ಪಿಸಬೇಕು. ಹೀಗಾಗಿ ವೈಲ್ಡರನ ತಂಪು ಪೆಟ್ಟಿಗೆ ಆ ಕಡೆಯ ಕಚೇರಿಯನ್ನೇ ದಾಟುತ್ತಿರಲಿಲ್ಲ.

ಸಿನಿಮಾದ ಯೇತಿ ಪೆಟ್ಟಿಗೆ ಬೀಳಿಸಿ ತಪ್ಪಿಸಿಕೊಂಡು, ಊರಿನಡಿಯ ಮಳೆನೀರಿನ ಕಾಲುವೆಗಳಲ್ಲಿ ಅಲೆದು, ಕೊನೆಗೆ ಗುಂಡು ತಿಂದು ಸಾಯುತ್ತದೆ. ಮನುಷ್ಯನೋ ಪ್ರಾಣಿಯೋ ಎಂಬ ತೀರ್ಮಾನ ಬರಲೇ ಇಲ್ಲ.

ಮರುವಾರ ಅಮ್ಮನನ್ನು ಬ್ರಾನ್ಸನ್ ಗುಹೆಗೆ ಕರೆದುಕೊಂಡು ಹೋದೆ. ಗ್ರಿಫಿತ್ ಪಾರ್ಕಿನಲ್ಲಿದೆ, ಕಾರು ನಿಲ್ಲಿಸಿ ಹತ್ತು ನಿಮಿಷ ನಡೆದರೆ ಸಿಗುತ್ತದೆ. ಗುಹೆ ಎನ್ನುವುದು ಹೆಸರಿಗೆ. ಮೊದಲು ಅದು ರಸ್ತೆಗೆ, ರೈಲುಹಳಿಗೆ ಜಲ್ಲಿ ಒಡೆಯುತ್ತಿದ್ದ ಕಲ್ಲುಕ್ವಾರಿ. ಬಂಡೆ ಕೊರೆದ ಒಂದು ಗಿಡ್ಡ ಸುರಂಗ ಉಳಿದಿದೆ. ಸ್ಟುಡಿಯೋಗಳಿಗೆ ಹತ್ತಿರ, ಬಾಡಿಗೆ ಅಗ್ಗ, ಕ್ಯಾಮೆರಾ ಸ್ವಲ್ಪ ಓರೆ ಇಟ್ಟರೆ ಮಂಗಳಗ್ರಹವೂ ಆಗುತ್ತದೆ. ಯೇತಿ ಚಿತ್ರ ಬಂದ 1954ರಲ್ಲೇ ತೆರೆ ಕಂಡ ಅನ್ಯಗ್ರಹದವರ ಸಿನಿಮಾ ಒಂದನ್ನು ಇದೇ ಲೀ ವೈಲ್ಡರ್ ಇಲ್ಲಿ ಚಿತ್ರಿಸಿದ್ದ. 1966ರ ಟಿವಿ ಧಾರಾವಾಹಿಯಲ್ಲಿ ಬ್ಯಾಟ್‌ಮನ್ನನ ಕಾರು ಹೊರಬರುವುದೂ ಇದೇ ಬಾಯಿಯಿಂದ.

ಅಮ್ಮ ಒಳಗೆ ಬಗ್ಗಿ ನೋಡಿದಳು. ಆಚೆ ತುದಿಯ ಬಿಸಿಲು ಕಾಣುತ್ತಿತ್ತು. "ಇಷ್ಟೇಯಾ? ನಮ್ಮನೆ ಕೊಟ್ಟಿಗೆ ಇದಕ್ಕಿಂತ ಉದ್ದ." ಸ್ವೆಟರಿನ ಮೇಲೆ ಸೆರಗು ಸಿಕ್ಕಿಸಿ, ಕಲ್ಲು ನೋಡಿಕೊಂಡು ಮೆಲ್ಲಗೆ ಕತ್ತಲೊಳಗೆ ಹೋದಳು. ನಾನು ಫೋನ್ ಹಿಡಿದು ಕಾದೆ. ಸ್ವಲ್ಪ ಹೊತ್ತಿಗೆ ಕತ್ತಲಿಂದ ಕೈ ಎರಡೂ ಜೋಲು ಬಿಟ್ಟುಕೊಂಡು ಎರಡು ಹೆಜ್ಜೆ ಮುಂದೆ ಬಂದಳು. ಬೆಳಕು ಬಿದ್ದ ಕಡೆ ನಿಂತಳು. ಆಮೇಲೆ ಹಿಂದೆ ತಿರುಗದೆ, ಅದೇ ಎರಡು ಹೆಜ್ಜೆ ಹಿಮ್ಮುಖವಾಗಿ ಇಟ್ಟು ಕತ್ತಲಲ್ಲಿ ಮರೆಯಾದಳು. ಒಳಗಿಂದ ದನಿ ಮಾತ್ರ ಬಂತು.

"ಇದನ್ನೇ ಐದು ಸಲ ಹಾಕಿ ಚಿಕ್ಕಮ್ಮಂಗೆ ಕಳ್ಸು."