86 ಹರ್ಟ್ಜ್ ಕಾಟ ಅಂತೂ ಹತೋಟಿಗೆ ಬಂತು

ನಾನು ಹಾಡು ಕೇಳುವ ಕೋಣೆಯಲ್ಲಿ ಸ್ಪೀಕರ್ ಹಾಕಿದಾಗ ಗುಂಯ್ ಅಂತ ಮೊರೆಯುತ್ತಿದ್ದ ತಗ್ಗು ದನಿ ಕೊನೆಗೂ ನಿಂತಿತು. ಇಷ್ಟು ದಿನ ಯಾವ ಯಕ್ಷಗಾನ ಹಾಕಿದರೂ ಮದ್ದಳೆ ಬಾರಿಸಿದಾಗೆಲ್ಲ ಪಕ್ಕದ ಕೋಣೆಯಲ್ಲಿ ಯಾರೋ ಖಾಲಿ ಡ್ರಮ್ಮು ಉರುಳಿಸಿದ ಹಾಗಿರುತ್ತಿತ್ತು.

ತೀರ್ಥಹಳ್ಳಿ ಕಡೆಯ ಹಳೇ ಮನೆ. ಕೋಣೆಯ ಉದ್ದ 4 ಮೀಟರ್, ದಪ್ಪ ಗೋಡೆ, ರೆಡ್ ಆಕ್ಸೈಡ್ ನೆಲ, ಒಂದು ಪರದೆ ಕೂಡ ಇಲ್ಲ. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಅದನ್ನು ಉದ್ದದ ಎರಡರಷ್ಟರಿಂದ ಭಾಗಿಸಿದರೆ ಸುಮಾರು 43 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಕಂಪನ), ಅದರ ದುಪ್ಪಟ್ಟು 86. ಎದುರುಬದುರು ಗೋಡೆಗಳ ನಡುವೆ ಪುಟಿದು ಕೋಣೆಯೇ ಜೋರು ಮಾಡುವ ದನಿಗಳು ಇವು. ಕೋಣೆಯ ದನಿ ಅಳೆಯುವ ರೂಮ್ ಇಕ್ಯೂ ವಿಝಾರ್ಡ್ ಸಾಫ್ಟ್‌ವೇರ್‌ನಲ್ಲಿ ಸ್ವೀಪ್ (ತಗ್ಗಿನಿಂದ ಮೇಲಕ್ಕೆ ಏರುವ ದನಿ) ಓಡಿಸಿದರೆ ಗ್ರಾಫಿನಲ್ಲಿ ಗುಡ್ಡ ಎದ್ದಿದ್ದೂ 86ರಲ್ಲೇ. ಈ ಮಳೆಗಾಲದಲ್ಲಿ ಅಳತೆ ತೆಗೆಯೋದು ಬೇರೆ ಒಂದು ಕರ್ಮ. ಹೆಂಚಿನ ಮೇಲೆ ಮಳೆ ಹೊಯ್ಯಲು ಶುರುವಾದರೆ ಗ್ರಾಫ್ ಕೆಟ್ಟಿತು, ಮಳೆ ನಿಲ್ಲುವಷ್ಟರಲ್ಲಿ ಕರೆಂಟ್ ಇರಲ್ಲ.

ತಮಾಷೆ ಏನಂದ್ರೆ, ನನ್ನ ಹತ್ತು ಬ್ಯಾಂಡಿನ ಗ್ರಾಫಿಕ್ ಈಕ್ವಲೈಜರ್‌ನಲ್ಲಿ (ತಗ್ಗಿನಿಂದ ಎತ್ತರದವರೆಗಿನ ದನಿಯನ್ನು ಹತ್ತು ಭಾಗ ಮಾಡಿ ಒಂದೊಂದನ್ನೂ ಬೇರೆಯಾಗಿ ಏರಿಸಿ ಇಳಿಸುವ ಡಬ್ಬ) 62 ಹರ್ಟ್ಜ್‌ಗೆ ಒಂದು ಸ್ಲೈಡರ್, 125ಕ್ಕೆ ಇನ್ನೊಂದು. 86 ಮಹಾಶಯ ಅವೆರಡರ ನಡುವೆ ಹಾಯಾಗಿ ಕೂತಿದ್ದಾನೆ. ಎರಡನ್ನೂ ಇಳಿಸಿದರೆ ಗುಂಯ್ ಕಮ್ಮಿಯಾಗುತ್ತದೆ, ಜೊತೆಗೆ ಭಾಗವತರ ದನಿಯ ತೂಕವೂ ಹೋಗುತ್ತದೆ. 31ರ ಸ್ಲೈಡರ್ ಏರಿಸಿ 43 ತುಂಬೋಣ ಅಂದ್ರೆ, ನನ್ನ ಹಾಗೆ ಕೋಣೆಯ ನಟ್ಟನಡುವೆ ಕೂತವನಿಗೆ 43 ಕೇಳಿಸುವುದೇ ಇಲ್ಲ, ಗೋಡೆಗಳಿಂದ ಪುಟಿದ ಅಲೆಗಳು ಅಲ್ಲಿ ಒಂದನ್ನೊಂದು ಅಳಿಸಿಬಿಡುತ್ತವೆ. ಎಷ್ಟು ಸುರಿದರೂ ಆಂಪ್ಲಿಫೈಯರ್ ಬಿಸಿಯಾಗುತ್ತದೆ ಅಷ್ಟೆ. 86ಕ್ಕೆ ಮಾತ್ರ ಅದೇ ಜಾಗದಲ್ಲಿ ಭಾರೀ ಜೋರು.

ಸಾಲದ್ದಕ್ಕೆ ಥಂಡಿಗೆ ಸ್ಲೈಡರ್‌ಗಳೂ ಕರಕರ. ಶಿವಮೊಗ್ಗದಲ್ಲಿ ಸಿಗದೆ ಬೆಂಗಳೂರಿನಿಂದ ಬಿ ಟೈಪ್ ಸ್ಲೈಡರ್ (ಸರಿಸಿದಷ್ಟೂ ಒಂದೇ ಸಮನಾಗಿ ಬದಲಾಗುವಂಥದ್ದು) ತರಿಸಿದರೆ ಬಂದಿದ್ದು ವಾಲ್ಯೂಮಿಗೆ ಹಾಕುವ, ಹಾಗೆ ಸಮನಾಗಿ ಬದಲಾಗದ ಎ ಟೈಪ್. ಫೋನ್ ಮಾಡಿದರೆ "ಎಲ್ಲಾ ಒಂದೇ ಸಾರ್, ಹಾಕಿ ನೋಡಿ" ಅಂತೆ! ನಡುವಿಗೆ ಇಟ್ಟರೂ ಫ್ಲಾಟ್ ಆಗದ (ಏರಿಸದೆ ಇಳಿಸದೆ ಇರಲಾಗದ) ಈಕ್ವಲೈಜರ್ ಇಟ್ಟುಕೊಂಡು ಪೂಜೆ ಮಾಡಲಾ? ವಾಪಸ್ ಕಳಿಸುವ ಕೊರಿಯರ್ ದುಡ್ಡೂ ನನ್ನದೇ.

ಸಿಟ್ಟಿಗೆ ಆ ಡಬ್ಬವನ್ನೇ ಪಕ್ಕಕ್ಕಿಟ್ಟೆ. ಕುರ್ಚಿಯನ್ನು ಹಿಂದಿನ ಗೋಡೆಯಿಂದ ಒಂದೂವರೆ ಮೀಟರಿಗೆ ಸರಿಸಿದ ಮೇಲೆ 86 ಸ್ವಲ್ಪ ಇಳಿಯಿತು, 43 ಸ್ವಲ್ಪ ಎದ್ದಿತು. ಉಳಿದ ಗುಡ್ಡಕ್ಕೆ ಲ್ಯಾಪ್‌ಟಾಪಿನ ಈಕ್ವಲೈಜರ್ ಎಪಿಒ ಸಾಫ್ಟ್‌ವೇರ್‌ನಲ್ಲಿ ಒಂದೇ ಒಂದು ಪ್ಯಾರಾಮೆಟ್ರಿಕ್ ಫಿಲ್ಟರ್ (ಬೇಕಾದ ಹರ್ಟ್ಜ್ ಆರಿಸಿ ಅಲ್ಲಷ್ಟೇ ಇಳಿಸುವಂಥದ್ದು): 86 ಹರ್ಟ್ಜ್, ಮೈನಸ್ 6 ಡಿಬಿ (ಡೆಸಿಬೆಲ್, ಎಷ್ಟು ಇಳಿಸಬೇಕು ಅನ್ನೋದು), ಕ್ಯೂ 5 (ಎಷ್ಟು ಕಿರಿದಾಗಿ ಕತ್ತರಿಸಬೇಕು ಅನ್ನೋದು). ಅಡುಗೆಮನೆಯಿಂದ ಅಮ್ಮ "ಸೌಂಡ್ ಕಮ್ಮಿ ಮಾಡಿದ್ಯಾ?" ಅಂದರು. ವಾಲ್ಯೂಮ್ ಮುಟ್ಟಿರಲೇ ಇಲ್ಲ.

ಅಂದ ಹಾಗೆ, ಅಟ್ಟದಲ್ಲಿ ಹಲಸಿನ ಹಲಗೆ ಸಿಕ್ಕಿದೆ. ಸ್ಪೀಕರಿನ ಈಗಿನ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಡಬ್ಬಗಳು ಮೂಲೆಯಲ್ಲಿ ಉಬ್ಬುತ್ತಿವೆ, ಹಲಸಿನ ಹಲಗೆಯಲ್ಲೇ ಸೀಲ್ಡ್ ಬಾಕ್ಸ್ (ಗಾಳಿಗೆ ತೂತಿಲ್ಲದ ಡಬ್ಬ) ಮಾಡುವ ಆಸೆ. ಮದ್ದಳೆಗೆ ಒಳ್ಳೆಯ ಮರ ಅನ್ನೋದೇ ಭಯ, ಸ್ಪೀಕರ್ ಡಬ್ಬ ತಾನೇ ಹಾಡಬಾರದು ಅಲ್ವಾ? ಒಳಗೆ ಬ್ರೇಸಿಂಗ್ (ಡಬ್ಬ ಅದುರದ ಹಾಗೆ ಅಡ್ಡಪಟ್ಟಿ) ಜಾಸ್ತಿ ಕೊಡಬೇಕು. ಮಳೆ ಬಿಡುವವರೆಗೆ ಹಲಗೆ ಒಣಗಲ್ಲ. ಅಷ್ಟರಲ್ಲಿ ಸರಿಯಾದ ಬಿ ಟೈಪ್ ಸ್ಲೈಡರ್ ಯಾರ ಹತ್ತಿರವಾದರೂ ಇದ್ದರೆ ಹೇಳಿ.