ರೂಟರ್ ಟೇಬಲ್ ಜಿಗ್: ಒಂದು ಮುಗಿಯಿತು, ಇನ್ನೊಂದು ಅರ್ಧದಲ್ಲಿದೆ

ರೂಟರ್ ಟೇಬಲ್ ಅಂದರೆ ತಿರುಗುವ ಬಿಟ್ (ಕೊರೆಯುವ ಅಲಗು) ಮೇಲಕ್ಕೆ ಚಾಚಿರುವ ಮರಗೆಲಸದ ಮೇಜು, ಜಿಗ್ ಅಂದರೆ ಅದರ ಮೇಲೆ ಹಲಗೆಯನ್ನು ಸರಿಯಾಗಿ ಹಿಡಿದಿಡುವ ಸಾಧನ. ಹಲಗೆಗಳ ತುದಿಗಳನ್ನು ಬೆರಳು ಹೆಣೆದಂತೆ ಕೂಡಿಸುವ ಫಿಂಗರ್ ಜಾಯಿಂಟಿಗೆ ಬೇಕಾದ ಜಿಗ್, ಅಂದರೆ ಹಲಗೆ ಸಮೇತ ಬಿಟ್ಟಿನ ಕಡೆಗೆ ತಳ್ಳುವ ಸ್ಲೆಡ್, ಕೊನೆಗೂ ತಯಾರಾಗಿದೆ. ಮಗಳ ಓದುವ ಮೇಜಿಗೆ ಡ್ರಾಯರ್ ಮಾಡೋಣ ಅಂತ ಶುರುವಾದ ಕೆಲಸ ಇದು. ಪುಣೆಯ ಭವಾನಿ ಪೇಠದ ಟಿಂಬರ್ ಮಾರ್ಕೆಟಿನಿಂದ ತಂದ ಸಾಗವಾನಿ ಹಲಗೆ ಬಾಲ್ಕನಿಯಲ್ಲೇ ಇದೆ. ಜಿಗ್ ಸರಿಯಾಗುವವರೆಗೆ ಅದನ್ನು ಮುಟ್ಟುವುದಿಲ್ಲ ಅಂತ ಮೊದಲೇ ಗಟ್ಟಿ ಮಾಡಿಕೊಂಡಿದ್ದೆ.

ತಳಕ್ಕೆ 6 ಮಿಮೀ ಪ್ಲೈ. ಹಲಗೆಯನ್ನು ಆನಿಸಲು ನಿಲ್ಲಿಸಿದ ಪಟ್ಟಿಗೆ, ಅಂದರೆ ಫೆನ್ಸಿಗೆ, ಮನೆಗೆ ಸ್ಲ್ಯಾಬ್ ಹಾಕುವಾಗ ಬಳಸುತ್ತಾರಲ್ಲ, ಆ ಶಟರಿಂಗ್ ಪ್ಲೈ, ಮೈ ನುಣುಪಾಗಿರುತ್ತೆ. ಬಿಟ್ 8 ಮಿಮೀ ಸ್ಟ್ರೈಟ್, ಕಾರ್ಬೈಡ್ ಹಲ್ಲಿನದು. ಸಾಗವಾನಿಯಲ್ಲಿ ಸಿಲಿಕಾ ಇರುವುದರಿಂದ ಬಿಟ್ ಬೇಗ ಮೊಂಡಾಗುತ್ತದೆ, ಮೊಂಡಾದ ಬಿಟ್ ಮರವನ್ನು ಕತ್ತರಿಸದೆ ಸುಡುತ್ತದೆ, ನಾವು ಇನ್ನೂ ಜೋರಾಗಿ ತಳ್ಳುತ್ತೇವೆ, ಕೈ ಜಾರುವುದು ಆಗಲೇ.

ಈ ಸ್ಲೆಡ್ಡಿನಲ್ಲಿ ನಾನು ಹೆಚ್ಚು ತಲೆ ಕೆಡಿಸಿಕೊಂಡಿದ್ದು ಅದರ ಬೆನ್ನಿನ ಬಗ್ಗೆ. ಬಿಟ್ ಮೊದಲು ಹಲಗೆಯನ್ನು ಕೊರೆಯುತ್ತದೆ, ಆಮೇಲೆ ಫೆನ್ಸನ್ನು, ಅದನ್ನೂ ದಾಟಿ ನಮ್ಮ ಕಡೆಗೇ ಹೊರಗೆ ಬರುತ್ತದೆ. ಸ್ಲೆಡ್ ತಳ್ಳುವಾಗ ಹೆಬ್ಬೆರಳು ಇರುವ ಜಾಗ ಸರಿಯಾಗಿ ಅದೇ ಅಲ್ವಾ? ಅದಕ್ಕೇ ಅಲ್ಲಿ 60 ಮಿಮೀ ದಪ್ಪದ ಮರದ ತುಂಡೊಂದನ್ನು ಅಂಟಿಸಿ, ಮೇಲೆ ಕೆಂಪು ಬಣ್ಣ ಬಳಿದೆ. ಟೇಬಲ್ಲಿಗೊಂದು ತಡೆ ಕ್ಲ್ಯಾಂಪ್ ಮಾಡಿದ್ದೇನೆ. ಬಿಟ್ ಆ ತುಂಡಿನ ಅರ್ಧಕ್ಕೆ ಬರುವಷ್ಟರಲ್ಲಿ ಸ್ಲೆಡ್ ತಡೆಗೆ ತಾಗಿ ನಿಲ್ಲುತ್ತದೆ. ಈ ಎರಡೂ ಇಲ್ಲದ ಸ್ಲೆಡ್ ಎಷ್ಟೇ ಅಚ್ಚುಕಟ್ಟಾಗಿ ಕಂಡರೂ ನಾನು ಮಾತ್ರ ಬಳಸಲಾರೆ.

ಪಕ್ಕದ ಫ್ಲ್ಯಾಟಿನ ಧಾರವಾಡದ ಕಾಕಾ ನಿಂತು ನೋಡುತ್ತಿದ್ದರು. "ಹಲಗಿ ಕೈಯಾಗ ಹಿಡದ್ರ ಏನಾಗ್ತದೋ ತಮ್ಮಾ?" ಅಂದರು. ಮೇಲಿಂದ ನೋಡಿದರೆ ಟೇಬಲ್ಲಿನಲ್ಲಿ ಬಿಟ್ ಗಡಿಯಾರಕ್ಕೆ ಉಲ್ಟಾ ತಿರುಗುತ್ತದೆ, ಹಾಗಾಗಿ ನಾವು ಮುಂದಕ್ಕೆ ತಳ್ಳಿದ ಹಲಗೆಯನ್ನು ಬಲಕ್ಕೆ ಎಳೆಯುತ್ತದೆ ಅಂತ ಕೈಯಲ್ಲೇ ತೋರಿಸಿದೆ. ಕೂದಲೆಳೆಯಷ್ಟು ಸರಿದರೂ ಜಾಯಿಂಟ್ ಕೆಟ್ಟಿತು, ಜಾಸ್ತಿ ಸರಿದರೆ ಬೆರಳಿಗೇ ಬಂತು. ಹಲಗೆಯನ್ನು ಫೆನ್ಸಿಗೆ ಕ್ಲ್ಯಾಂಪ್ ಮಾಡದೆ ಒಂದು ಕಚ್ಚೂ ಕೊರೆಯುವುದಿಲ್ಲ.

ಒಂದು ಕಚ್ಚಿನಿಂದ ಮುಂದಿನದಕ್ಕೆ ಸಮ ಅಂತರ ಕೊಡುವ ಅಳತೆಯ ಕಡ್ಡಿಯನ್ನು ಗಟ್ಟಿ ಮರದಲ್ಲಿ ಮಾಡಿದೆ. ಅಡ್ಡಕ್ಕೆ ಕತ್ತರಿಸಿ ಎರಡು ತುಂಡು ಮಾಡಿ, ಒಂದನ್ನು ಫೆನ್ಸಿನಲ್ಲಿ ಕೂರಿಸಿ, ಇನ್ನೊಂದನ್ನು ಅದಕ್ಕೂ ಬಿಟ್ಟಿಗೂ ನಡುವೆ ಇಟ್ಟರೆ ಅಂತರ ತಾನಾಗೇ ಸಿಗುತ್ತದೆ. ಇದನ್ನು ಮಾಡುವಾಗ ಪ್ಲಗ್ ಕಿತ್ತಿಟ್ಟಿರಬೇಕು, ಸ್ವಿಚ್ ಆಫ್ ಮಾಡಿದರೆ ಸಾಲದು. ಜಾಯಿಂಟ್ ಸಡಿಲ ಬಂದರೆ ಕಡ್ಡಿಯನ್ನು ಬಿಟ್ಟಿನಿಂದ ದೂರ ಸರಿಸಬೇಕು, ಬಿಗಿಯಾದರೆ ಹತ್ತಿರ. ಅಂಗೈಯಿಂದ ತಟ್ಟಿದರೆ ಒಳಗೆ ಹೋಗಬೇಕು, ಸುತ್ತಿಗೆ ಬೇಕಾಯಿತು ಅಂದರೆ ಗೋಂದಿಗೆ ಜಾಗವೇ ಉಳಿದಿಲ್ಲ ಅಂತ ಅರ್ಥ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಹಾಗಾಗಿ ಕೊರೆಯುವ ದಿನವೇ ಅದೇ ಹಲಗೆಯ ಚೂರಿನಲ್ಲಿ ಪರೀಕ್ಷೆ.

ಎರಡನೆಯ ಜಿಗ್ ಕಿರಿದಾದ ಪಟ್ಟಿಗಳ ತುದಿಯಲ್ಲಿ ಟೆನನ್ (ಇನ್ನೊಂದು ಮರದ ತೂತಿಗೆ ಕೂರುವ ನಾಲಿಗೆ) ಮಾಡುವ ಸ್ಲೆಡ್. ಅಂಥ ಪಟ್ಟಿಯನ್ನು ಸುಮ್ನೆ ಫೆನ್ಸಿಗೆ ಒತ್ತಿ ತಳ್ಳಿದರೆ ಬಿಟ್ಟಿನ ಬಳಿ ಇರುವ ಕಿಂಡಿಗೆ ವಾಲಿ ಸಿಕ್ಕಿಹಾಕಿಕೊಳ್ಳುತ್ತದೆ. ತಳ, ಹಿಂದಿನ ಫೆನ್ಸ್ ಆಗಿವೆ, ಮೂಲೆ ನೇರ 90 ಡಿಗ್ರಿ ಇದೆ. ಹಿಡಿಕೆ ಮಡಚಿದರೆ ಬಿಗಿಯುವ ಟಾಗಲ್ ಕ್ಲ್ಯಾಂಪ್ ತರಲು ರವಿವಾರ ಪೇಠಕ್ಕೆ ಹೋಗಬೇಕು. ಬಿಟ್ಟಿನ ಮೇಲೆ ಮುಚ್ಚಳಕ್ಕೆ ಪಾಲಿಕಾರ್ಬೊನೇಟ್ ಹಾಳೆ ಹಾಕುತ್ತೇನೆ, ಅಕ್ರಿಲಿಕ್ ಆದರೆ ಪೆಟ್ಟು ಬಿದ್ದಾಗ ಚೂರಾಗುತ್ತದೆ.

ಡ್ರಾಯರಿನ ಎತ್ತರ 104 ಮಿಮೀ ಅಂತ ಇಟ್ಟುಕೊಂಡಿದ್ದೇನೆ. 8 ಮಿಮೀಯಂತೆ 13 ಪಾಲು, ಬೆಸ ಸಂಖ್ಯೆ ಆದ್ದರಿಂದ ಮೇಲೂ ಕೆಳಗೂ ಒಂದೇ ಥರ ಮುಗಿಯುತ್ತದೆ. ನಮ್ಮ ಸೊಸೈಟಿಯಲ್ಲಿ ಮಧ್ಯಾಹ್ನ 2ರಿಂದ 4 ಸದ್ದು ಮಾಡುವಂತಿಲ್ಲ, ಹಾಗಾಗಿ ಭಾನುವಾರ ಬೆಳಗ್ಗೆಯೇ ಮೊದಲ ಸಾಗವಾನಿ ಹಲಗೆ ಸ್ಲೆಡ್ಡಿಗೆ ಏರುತ್ತದೆ.