ಗೋರ್-ಟೆಕ್ಸೋ, ಗೊರಬೋ?

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ತಮ್ಮನ ಮಗ ಮೊಬೈಲಿನಲ್ಲಿ ತೋರಿಸಿದ ಜಾಕೆಟ್ಟಿನ ವಿವರದಲ್ಲಿ 10,000 ಮಿಲಿಮೀಟರ್ ಎಂದಿತ್ತು. "ಅತ್ತೆ, ಆಗುಂಬೆಯ ಇಡೀ ವರ್ಷದ ಮಳೆ ತಡೆದರೂ ಇನ್ನೂ ಜಾಗ ಉಳಿಯುತ್ತದೆ" ಎಂದ. ಅವನು ಹೇಳಿದ್ದು ತಮಾಷೆಗೆ. ನಾನು ನಂಬಿದೆ. ಶಿವಮೊಗ್ಗದ ಕಚೇರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ 22 ವರ್ಷದಿಂದ ಕುಳಿತವಳಿಗೆ ಅಂಕಿ ಕಂಡರೆ ಸಾಕು, ಅರ್ಧ ನಂಬಿಕೆ ಬಂದುಬಿಡುತ್ತದೆ. 6,800 ರೂಪಾಯಿ ಕೊಟ್ಟು ತರಿಸಿಕೊಂಡೆ.

ಆ ಅಂಕಿಗೂ ಮಳೆಮಾಪನಕ್ಕೂ ಸಂಬಂಧವೇ ಇಲ್ಲವೆಂದು ತಿಳಿದದ್ದು ಆಮೇಲೆ. ಬಟ್ಟೆಯನ್ನು ಬಿಗಿಯಾಗಿ ಹಿಡಿಸಿ ಅದರ ಒಂದು ಬದಿಗೆ ನೀರಿನ ಒತ್ತಡ ಕೊಡುತ್ತಾ ಹೋಗುತ್ತಾರೆ. ಇನ್ನೊಂದು ಬದಿಯಲ್ಲಿ ಮೂರು ಕಡೆ ಹನಿ ಒಸರಿದಾಗ ಆ ಒತ್ತಡ ಎಷ್ಟು ಎತ್ತರದ ನೀರಿನ ಕಂಬಕ್ಕೆ ಸಮವೋ ಅದೇ ಚೀಟಿಯ ಮೇಲೆ ಅಚ್ಚಾಗುವ ಅಂಕಿ. 10,000 ಎಂದರೆ 10 ಮೀಟರ್ ಎತ್ತರದ ನೀರು, ನಮ್ಮ ತೋಟದ ಬಾವಿಯ ಆಳಕ್ಕಿಂತ ಹೆಚ್ಚು. ಆಕಾಶದಿಂದ ಬೀಳುವ ಹನಿಗೆ ಅಷ್ಟು ಬಲವೆಲ್ಲಿದೆ? ಚೀಲದ ಪಟ್ಟಿ ಹೆಗಲನ್ನು ಒತ್ತುವಲ್ಲಿ, ಒದ್ದೆ ಕಲ್ಲಿನ ಮೇಲೆ ಕುಳಿತಲ್ಲಿ ಮಾತ್ರ ಒತ್ತಡ ಏರುತ್ತದೆ.

ಜಾಕೆಟ್ಟಿನ ಮೊದಲ ಪರೀಕ್ಷೆ ಕವಲೇದುರ್ಗದಲ್ಲಿ. ಜೂನ್ ಕೊನೆಯ ಭಾನುವಾರ, ಆರಿದ್ರಾ ಮಳೆ. ಆರಿದ್ರೆ ಆರದೆ ಹೊಯ್ಯುತ್ತದೆ ಎನ್ನುವ ಮಾತಿಗೆ ತಕ್ಕಂತೆ ತೀರ್ಥಹಳ್ಳಿ ಬಿಟ್ಟಾಗಿನಿಂದ ಹನಿ ಕಡಿದಿರಲಿಲ್ಲ. ಕಚೇರಿಯ ಗೆಳತಿಯರಿಬ್ಬರು ಜೊತೆಗಿದ್ದರು. ಒಬ್ಬಳ ಕೈಯಲ್ಲಿ ಕೊಡೆ, ಇನ್ನೊಬ್ಬಳ ಮೈಮೇಲೆ ಗಂಡನ ಬೈಕಿನ ರೈನ್‌ಕೋಟ್. ಗದ್ದೆಯ ಅಂಚು ದಾಟಿ ಕಲ್ಲು ಹಾಸಿದ ದಾರಿ ಹಿಡಿದೆವು. ಕೆಳದಿ ಅರಸರ ಕಾಲದ ಕಲ್ಲುಗಳು, ಮೇಲೆ ಪಾಚಿ. ಒಂದೊಂದು ಹೆಜ್ಜೆಯನ್ನೂ ಕೇಳಿ ಇಡಬೇಕು. ಮಳೆ ನನ್ನ ಜಾಕೆಟ್ಟಿನ ಮೇಲೆ ಟಪಟಪ ಬಡಿಯುತ್ತಿತ್ತು, ಮಣಿಮಣಿಯಾಗಿ ಉರುಳಿ ಹೋಗುತ್ತಿತ್ತು. ನನಗೋ ಹೆಮ್ಮೆ.

ಕೋಟೆಯ ಎರಡನೆಯ ಬಾಗಿಲಿನ ಹತ್ತಿರ ಬೆನ್ನಿಗೆ ಏನೋ ತಣ್ಣಗೆ ಅಂಟಿತು. ಮೇಲೆ ದೇವಸ್ಥಾನದ ಕಲ್ಲುಕಟ್ಟೆ ಸೇರಿ ಜಿಪ್ ಎಳೆದರೆ ಒಳಗಿನ ಶರ್ಟನ್ನು ಹಿಂಡಬಹುದಿತ್ತು. ತೋಳು ಕೊಡವಿದರೆ ಮಣಿಕಟ್ಟಿನಿಂದ ನೀರು. ಕೊಡೆಯವಳ ಮೊಣಕಾಲಿನಿಂದ ಕೆಳಗೆ ಒದ್ದೆ, ಮೇಲೆ ಬೆಚ್ಚಗೆ ಒಣಗಿಯೇ ಇದ್ದಳು. ಅವಳು ಏನೂ ಅನ್ನಲಿಲ್ಲ, ಒಂದು ಕೋಡುಬಳೆ ಕೊಟ್ಟಳು. ಅದೇ ಇನ್ನೂ ಉರಿಯಿತು.

ಸೋರುವ ಮಾಲು ಕಳಿಸಿದ್ದಾರೆಂದು ಸಿಟ್ಟಿನಿಂದಲೇ ಮನೆಗೆ ಬಂದೆ. ವಾಪಸು ಕಳಿಸುವ ಮೊದಲು ಸಾಕ್ಷಿ ಬೇಕಲ್ಲ? ಜಾಕೆಟ್ಟನ್ನು ತಿರುವಿ, ಒಂದು ತೋಳಿನ ತುದಿಯನ್ನು ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿದು, ಹೆಗಲಿನ ಕಡೆಯಿಂದ ನೀರು ತುಂಬಿಸಿ, ಬಚ್ಚಲಿನ ಮೊಳೆಗೆ ನೇತುಹಾಕಿ ಕೆಳಗೆ ಬಕೆಟ್ ಇಟ್ಟೆ. ಬೆಳಗ್ಗೆ ನೋಡಿದರೆ ಕಟ್ಟಿದ ಜಾಗದಲ್ಲಿ ನಾಲ್ಕು ಹನಿ ತೊಟ್ಟಿಕ್ಕಿದ್ದು ಬಿಟ್ಟರೆ ತೋಳೆಲ್ಲ ಒಣಒಣ. ಹೊಲಿಗೆಯ ಮೇಲೆ ಅಂಟಿಸಿದ ಪಟ್ಟಿಯೂ ಗಟ್ಟಿಯಾಗಿಯೇ ಇತ್ತು. ಕವಲೇದುರ್ಗದಲ್ಲಿ ನನ್ನನ್ನು ತೋಯಿಸಿದ್ದು ಮಳೆಯಲ್ಲ, ನನ್ನದೇ ಬೆವರು.

ತಮ್ಮನ ಮಗನಿಗೆ ಫೋನು ಮಾಡಿದೆ. ಬೆಂಗಳೂರಿನಿಂದ ಅವನು ಪಾಠವನ್ನೇ ಶುರು ಮಾಡಿದ. 1969ರಲ್ಲಿ ಅಮೆರಿಕದ ಬಾಬ್ ಗೋರ್ ಎಂಬಾತ ಟೆಫ್ಲಾನ್ ಜಾತಿಯ ವಸ್ತುವನ್ನು ಬಿಸಿ ಮಾಡಿ ಥಟ್ಟನೆ ಎಳೆದಾಗ ಅದು ಸಣ್ಣ ಸಣ್ಣ ರಂಧ್ರಗಳ ಹಾಳೆಯಾಯಿತಂತೆ. ನೀರಿನ ಹನಿ ಒಳಗೆ ನುಗ್ಗಲಾಗದು, ಬೆವರಿನ ಆವಿ ಹೊರಗೆ ಹೋಗಬಲ್ಲದು. ಅದೇ ಗೋರ್-ಟೆಕ್ಸ್. ನನ್ನದು ಅದಲ್ಲ, ಆದರೆ ಅದೇ ತರಹದ ಪದರ ಒಳಗಿದೆ. ಫೋನು ಸ್ಪೀಕರಿನಲ್ಲಿತ್ತು. ಊರಿನಿಂದ ಬಂದಿದ್ದ ಅಮ್ಮ ಹಲಸಿನ ಬೀಜ ಸುಲಿಯುತ್ತಾ ಕಿವಿಗೊಟ್ಟಿದ್ದಳು. "ಗೊರಬೇ? ಈಗ ಅದನ್ನು ಯಾರು ಹೆಣೆಯುತ್ತಾರೆ ಮಾರಾಯ್ತಿ?" ಎಂದಳು.

ನಗಾಡಿದೆವು. ಆದರೆ ಆಮೇಲೆ ಯೋಚಿಸಿದಷ್ಟೂ ಅಮ್ಮನ ಗೊರಬೇ ಸರಿ ಎನಿಸತೊಡಗಿತು. ಬಿದಿರಿನ ಹೆಣಿಗೆಯ ನಡುವೆ ಎಲೆ ಒತ್ತಾಗಿ ಹಾಸಿ ಮಾಡಿದ ಗೊರಬು ತಲೆ, ಬೆನ್ನು ಎರಡನ್ನೂ ಮುಚ್ಚುತ್ತದೆ. ಮುಂದುಗಡೆ ಪೂರ್ತಿ ಬಯಲು. ಬಗ್ಗಿ ಸಸಿ ನೆಡುವವರ ಬೆನ್ನಿನ ಮೇಲೆ ದಿನವಿಡೀ ಮಳೆ ಹೊಡೆದರೂ ಒಳಗೆ ಗಾಳಿ ಆಡುತ್ತಿರುತ್ತದೆ. ಅಡಿಕೆ ಗೊನೆಗೆ ಕೊಳೆರೋಗ ಬಾರದಂತೆ ಕೊಟ್ಟೆ ಕಟ್ಟುವಾಗಲೂ ಮೇಲೆ ಬಿಗಿದು ಕೆಳಗೆ ಬಾಯಿ ತೆರೆದೇ ಬಿಡುತ್ತಾರೆ. ಗೊನೆಗೆ ಕೊಡುವ ಮರ್ಯಾದೆಯನ್ನು ನಾನು ನನ್ನ ಮೈಗೆ ಕೊಟ್ಟಿರಲಿಲ್ಲ.

ಆವಿ ಹೊರಗೆ ಹೋಗುವುದು ಒಳಗಿಗಿಂತ ಹೊರಗೆ ಗಾಳಿ ಒಣಗಿದ್ದರೆ. ಚಳಿಯ ದೇಶದ ಒಣ ಬೆಟ್ಟಗಳಲ್ಲಿ ಆ ವ್ಯತ್ಯಾಸ ದೊಡ್ಡದು. ನಮ್ಮಲ್ಲಿ ಜುಲೈ ತಿಂಗಳಿನಲ್ಲಿ ಉಪ್ಪಿನ ಭರಣಿಯೇ ನೀರೊಡೆಯುತ್ತದೆ, ಗೋಡೆಗೆ ಒರಗಿಸಿದ ಚಪ್ಪಲಿಗೆ ಎರಡು ದಿನಕ್ಕೆ ಬೂಷ್ಟು ಬರುತ್ತದೆ. ಇಂಥ ಗಾಳಿಯಲ್ಲಿ ಬೆವರು ಹೋಗುವುದಾದರೂ ಎಲ್ಲಿಗೆ? ಅದರ ಮೇಲೆ ಹೊರಪದರದ ನೀರು ಜಾರಿಸುವ ಲೇಪ ಸವೆದು ಬಟ್ಟೆ ನೀರು ಕುಡಿಯಿತೆಂದರೆ ಇದ್ದ ದಾರಿಯೂ ಮುಚ್ಚಿತು. ಗ್ರಾಂ ಲೆಕ್ಕದಲ್ಲಿ ಎಷ್ಟು ಆವಿ ಬಿಡುತ್ತದೆಂದು ಚೀಟಿಯಲ್ಲಿ ಬರೆದಿರುತ್ತಾರಲ್ಲ, ಮಲೆನಾಡಿನಲ್ಲಿ ನಡೆಯಲು ಜಾಕೆಟ್ ಕೊಳ್ಳುವವರು ಅದಕ್ಕೆಂದೇ ಹೆಚ್ಚಿಗೆ ದುಡ್ಡು ಕೊಡುವುದು ದಂಡ ಎಂಬುದು ನನ್ನ ಅಭಿಪ್ರಾಯ. ಕೊಡಬೇಕಾದದ್ದು ಕಂಕುಳಿನ ಜಿಪ್ಪಿಗೆ. ತೋಳಿನ ಅಡಿಯಲ್ಲಿ ಒಂದು ಗೇಣಿಗಿಂತ ಉದ್ದದ ಜಿಪ್ ಇದ್ದರೆ ಏರುವಾಗ ತೆರೆದುಕೊಳ್ಳಬಹುದು. ಮಳೆ ಮೇಲಿನಿಂದ ಬೀಳುತ್ತದೆ, ಕಂಕುಳಿಗೆ ಬರುವುದು ಕಡಿಮೆ.

6,800ರ ಜಾಕೆಟ್ಟನ್ನು ತಮ್ಮನ ಮಗನಿಗೇ ಕೊಟ್ಟೆ. ಬೆಂಗಳೂರಿನ ಮಳೆಗೆ ಧಾರಾಳ ಸಾಕು. ಎರಡನೆಯದನ್ನು ಕೊಳ್ಳಲು ದುರ್ಗಿಗುಡಿಯ ಅಂಗಡಿಗೆ ಚಾರಣದ ಚೀಲ, ಅದರೊಳಗೆ ಎರಡು ಬಾಟಲಿ ನೀರು, ನಡಿಗೆ ಕೋಲು ಎಲ್ಲ ಹೊತ್ತೇ ಹೋದೆ. ಜಾಕೆಟ್ ತೊಟ್ಟು ಅದರ ಮೇಲೆ ಚೀಲ ಏರಿಸಿ ಕೈ ಎತ್ತಿದೆ. ಒಂದರಲ್ಲಿ ಸೊಂಟವೇ ಹೊರಬಂತು. ಕತ್ತು ತಿರುಗಿಸಿದೆ, ಇನ್ನೊಂದರಲ್ಲಿ ಟೊಪ್ಪಿ ಅಲ್ಲೇ ನಿಂತು ನನ್ನ ಮುಖ ಬಟ್ಟೆಯೊಳಗೆ ಹೋಯಿತು. ಅಂಗಡಿಯ ಹುಡುಗ ನಗು ತಡೆದುಕೊಂಡು, "ಮೇಡಂ, ಹಿಮಾಲಯಕ್ಕಾ?" ಎಂದು ಕೇಳಿದ. "ಇಲ್ಲಪ್ಪಾ, ಕುಂದಾದ್ರಿಗೆ" ಎಂದೆ. ಕನ್ನಡಕದವರು ಟೊಪ್ಪಿಯ ಮುಂದೆ ಗಟ್ಟಿ ಅಂಚು ಇದೆಯೇ ಎಂದು ಬೆರಳಿನಿಂದ ಒತ್ತಿ ನೋಡಿಯೇ ಕೊಳ್ಳಬೇಕು, ಇಲ್ಲವಾದರೆ ಹನಿಯೆಲ್ಲ ಗಾಜಿಗೇ. ಒಳಹೊಲಿಗೆಗಳಿಗೆಲ್ಲ ಪಟ್ಟಿ ಅಂಟಿಸಿದ್ದು, ತುಸು ದೊಗಲೆ, ಕುಂಡೆ ಮುಚ್ಚುವಷ್ಟು ಉದ್ದ, ಕಂಕುಳ ಜಿಪ್: 4,200 ರೂಪಾಯಿ. ಕಾಡಿನ ಜಿಗಣೆ ಉಂಬಳಕ್ಕೆ ಇದಾವುದೂ ಲೆಕ್ಕವಿಲ್ಲ. ಕುಂದಾದ್ರಿಯಿಂದ ಬಂದ ದಿನ ಸೊಂಟದ ಹತ್ತಿರ ಒಂದು ದ್ರಾಕ್ಷಿಯಂತೆ ಉಬ್ಬಿ ಕುಳಿತಿತ್ತು.

ಇನ್ನೊಂದು ಸಂಗತಿ. 2016ರಲ್ಲಿ ಕೇದಾರಕ್ಕೆ ಹೋಗಿಬಂದ ಹಳೆಯ ಜಾಕೆಟ್ಟನ್ನು ಒಗೆದು, ಮಡಿಚಿ, ಟ್ರಂಕಿನಲ್ಲಿ ಇಟ್ಟಿದ್ದೆ. ಮೂರು ಮಳೆಗಾಲ ಕಳೆದು ತೆಗೆದರೆ ಒಳಗಿನ ಲೇಪ ಹಾವಿನ ಪೊರೆಯಂತೆ ಬಿಟ್ಟುಬಂದಿತ್ತು, ಮುಟ್ಟಿದರೆ ಅಂಟು, ಕೈಗೆಲ್ಲ ಬಿಳಿ ಚಕ್ಕೆ. ಪಾಲಿಯುರಿಥೇನ್ ಲೇಪವನ್ನು ಗಾಳಿಯ ತೇವವೇ ನಿಧಾನವಾಗಿ ಒಡೆದುಹಾಕುತ್ತದಂತೆ. ಅಂದಿನಿಂದ ಜಾಕೆಟ್ಟನ್ನು ಮಡಿಚಿಡುವುದಿಲ್ಲ, ಹ್ಯಾಂಗರಿಗೆ ಹಾಕಿ ಗಾಳಿಯಾಡುವಲ್ಲಿ ಇಡುತ್ತೇನೆ. ಚೀಲದ ತಳದಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಒಣ ಶರ್ಟೂ ಇರುತ್ತದೆ. ಶಿಖರ ತಲುಪಿ ಅದನ್ನು ತೊಟ್ಟುಕೊಳ್ಳುವ ಸುಖ ಯಾವ ಜಾಕೆಟ್ಟೂ ಕೊಡುವುದಿಲ್ಲ.

ಈ ವರ್ಷ ಪುಷ್ಯ ಮಳೆಯ ಹೊತ್ತಿಗೆ ಹೊಸ ಜಾಕೆಟ್ಟೂ ಹೆಗಲಿನ ಮೇಲೆ ನೀರು ಕುಡಿಯತೊಡಗಿತು. ಮತ್ತೆ ಲೇಪ ಮಾಡಿಸಲು ಸ್ಪ್ರೇ ತರಿಸಬೇಕೆಂದುಕೊಂಡು ಅದನ್ನು ಊರಿನ ಮನೆಯಲ್ಲಿ ಒಗೆದು ಬಿಟ್ಟು ನಿದ್ದೆಹೋದೆ. ಎದ್ದು ನೋಡಿದರೆ ಅಮ್ಮ ಅದನ್ನು ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ, ಲಂಗ, ಪಂಚೆ, ಗೋಣಿಯ ಸಾಲಿನಲ್ಲಿ ಹರವಿದ್ದಳು. ಹಂಡೆಯಡಿ ಹಸಿ ಸೌದೆ ಹೊಗೆಯಾಡುತ್ತಿತ್ತು. "ಅಯ್ಯೋ, ಕರಗಿಹೋಗುತ್ತದೆ!" ಎಂದು ಕೂಗುತ್ತಾ ಓಡಿದೆ. ಕರಗಿರಲಿಲ್ಲ. ಮಾರನೆಯ ದಿನ ಅದನ್ನೇ ತೊಟ್ಟು ತೋಟದ ಕಡೆ ಹೋದೆ. ಹದವಾದ ಬಿಸಿ ತಾಗಿದರೆ ಆ ಲೇಪ ಮತ್ತೆ ಚುರುಕಾಗುತ್ತದೆ ಎಂದು ತಮ್ಮನ ಮಗ ಹೇಳಿದ್ದು ನೆನಪಾಯಿತು. ಕೆಸುವಿನ ಎಲೆಯ ಮೇಲಿನಂತೆ ಹನಿ ಮತ್ತೆ ಉಂಡೆಯಾಗಿ ಉರುಳುತ್ತಿತ್ತು.

ಹೊಗೆಯ ವಾಸನೆ ಮಾತ್ರ ಇನ್ನೂ ಹೋಗಿಲ್ಲ. ಕಳೆದ ಭಾನುವಾರ ಬಸ್ಸಿನಲ್ಲಿ ಪಕ್ಕ ಕುಳಿತ ಹೆಂಗಸು ಎರಡು ಸಲ ಮೂಸಿ, "ಮನೆಯಲ್ಲಿ ಹಪ್ಪಳ ಸುಟ್ಟಿರಾ?" ಎಂದು ಕೇಳಿದರು.